ಪಚ್ಚೆ ಪಾರಿವಾಳವನ್ನು ನಾನು ಕ್ಯಾಮೆರಾದಲ್ಲಿ ಹಿಡಿದ ಬಗೆ

ಪಕ್ಷಿವೀಕ್ಷಕರ ನಡುವೆ ಎಮರಾಲ್ಡ್ ಡವ್ ಎಂದೇ ಪರಿಚಿತವಾಗಿರುವ ಪಚ್ಚೆ ಪಾರಿವಾಳ ಪಶ್ಚಿಮಘಟ್ಟದ ಕಾಡುಗಳಲ್ಲಿ ಅಪರೂಪದ ಹಕ್ಕಿಯಲ್ಲ. ನೆರೆಯ ತಮಿಳುನಾಡಿಗೆ ಅದು ರಾಜ್ಯಪಕ್ಷಿಯೂ ಹೌದು. ಆದರೂ ಮಲೆನಾಡಿನಲ್ಲಿ ಓಡಾಡುವ ಅನೇಕ ಛಾಯಾಗ್ರಾಹಕರ ಬಳಿ ಅದರ ಒಂದು ಒಳ್ಳೆಯ ಚಿತ್ರ ಇರುವುದಿಲ್ಲ. ದಟ್ಟ ಪೊದೆಗಳ ನೆರಳಿನಲ್ಲಿ, ಒಂಟಿಯಾಗಿಯೋ ಜೋಡಿಯಾಗಿಯೋ, ಉದುರಿದ ಹಣ್ಣು ಮತ್ತು ಬೀಜಗಳನ್ನು ಹೆಕ್ಕುತ್ತ ನೆಲದ ಮೇಲೆಯೇ ಸುತ್ತುವ ಈ ಹಕ್ಕಿ, ಮನುಷ್ಯರ ಸುಳಿವು ಸಿಕ್ಕೊಡನೆ ಸದ್ದಿಲ್ಲದೆ ನಡೆದು ದೂರ ಸರಿಯುತ್ತದೆ. ನಾವು ತೀರ ಸಮೀಪಿಸಿದರೆ ಮಾತ್ರ ಹಾರುತ್ತದೆ. ಹಾರುವಾಗಲೂ ಮರಗಳ ನಡುವೆ ತಗ್ಗಿನಲ್ಲೇ ನೇರವಾಗಿ ನುಗ್ಗುವುದರಿಂದ ಬೆನ್ನಿನ ಕೆಳಭಾಗದ ಎರಡು ಮಾಸಲು ಪಟ್ಟೆಗಳಷ್ಟೇ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಇದನ್ನು ಹಿಂಬಾಲಿಸುವ ಕ್ರಮವನ್ನೇ ಬಿಟ್ಟು, ಅದು ಬರಬಹುದಾದ ಜಾಗದಲ್ಲಿ ಮೊದಲೇ ಹೋಗಿ ಕುಳಿತುಕೊಳ್ಳುವುದನ್ನು ನಾನು ರೂಢಿಸಿಕೊಂಡೆ.

ಕೂಗನ್ನು ನಂಬಿ ಜಾಗ ಹುಡುಕುವುದು ಕಷ್ಟ. ತಗ್ಗಿದ ದನಿಯಲ್ಲಿ ನರಳಿದಂತೆ ಮತ್ತೆ ಮತ್ತೆ ಬರುವ ಆ ‘ಹೂ...’ಕಾರ ಯಾವ ದಿಕ್ಕಿನದೆಂದು ತಿಳಿಯುವುದೇ ಇಲ್ಲವಾದ್ದರಿಂದ, ಆ ಕಣಿವೆಯಲ್ಲಿ ಹಕ್ಕಿ ಇದೆ ಎಂಬುದಕ್ಕೆ ಮಾತ್ರ ನಾನು ಅದನ್ನು ಆಧಾರವಾಗಿಟ್ಟುಕೊಳ್ಳುತ್ತೇನೆ. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವುದು ಅದಕ್ಕೆ ಕೊಡುವ ಅನಗತ್ಯ ಕಾಟವೆಂದೇ ನನ್ನ ಅಭಿಪ್ರಾಯ. ನನಗೆ ಹೆಚ್ಚು ನೆರವಾದದ್ದು ನೀರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಳ್ಳಗಳು ಬತ್ತಿ ಅಲ್ಲಲ್ಲಿ ಸಣ್ಣ ಗುಂಡಿಗಳಷ್ಟೇ ಉಳಿದಾಗ, ಹಣ್ಣು ಉದುರುವ ಮರ ಸಮೀಪದಲ್ಲಿರುವ ಗುಂಡಿಯನ್ನು ಆರಿಸಿಕೊಂಡು, ಮರದ ಬುಡಕ್ಕೆ ಬೆನ್ನುಕೊಟ್ಟು, ಮಾಸಲು ಬಣ್ಣದ ಬಟ್ಟೆಯ ಮರೆಯಲ್ಲಿ ನೆಲಮಟ್ಟಕ್ಕೆ ಕೂರುತ್ತೇನೆ. ಆ ದಿನಗಳಲ್ಲಿ ಉಂಬಳದ ಕಾಟ ಕಡಿಮೆ ಎಂಬುದೂ ಸಣ್ಣ ಲಾಭವೇನಲ್ಲ. ತರಗೆಲೆ ಒಣಗಿರುವುದರಿಂದ ಹಕ್ಕಿಯ ಹೆಜ್ಜೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೋಳಿಯಂತೆ ಕಾಲಿನಿಂದ ಕೆದರುವ ಅಭ್ಯಾಸ ಪಾರಿವಾಳಗಳಿಗಿಲ್ಲ. ಹಗುರವಾದ ಹೆಜ್ಜೆ, ನಡುವೆ ಮೌನ, ಮತ್ತೆ ಹೆಜ್ಜೆ, ಇಷ್ಟೇ ಕೇಳಿಸುತ್ತದೆ.

ನೀರಿಗೆ ಬಂದ ಮೇಲೆ ಸಿಗುವ ಅನುಕೂಲ ದೊಡ್ಡದು. ಬಹುತೇಕ ಹಕ್ಕಿಗಳು ಒಂದೊಂದು ಗುಟುಕಿಗೂ ತಲೆಯೆತ್ತಿದರೆ, ಪಾರಿವಾಳಗಳು ಕೊಕ್ಕನ್ನು ಅದ್ದಿ ಒಂದೇ ಸಮನೆ ಹೀರುತ್ತವೆ. ನಡೆಯುವಾಗ ಸದಾ ಆಡುತ್ತಿರುವ ತಲೆ ಆ ಹೊತ್ತಿನಲ್ಲಿ ನಿಶ್ಚಲವಾಗಿರುವುದರಿಂದ, ಕಾಡಿನ ಮಂದ ಬೆಳಕಿನಲ್ಲೂ ಸೆಕೆಂಡಿನ 1/125ರಷ್ಟು ನಿಧಾನದ ಶಟರ್ ವೇಗದಲ್ಲಿ ಸ್ಪಷ್ಟ ಚಿತ್ರ ಸಾಧ್ಯವಾಗುತ್ತದೆ. ನಡೆಯುವ ಹಕ್ಕಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಅನ್ನು 3200ಕ್ಕೆ ಏರಿಸಿಯಾದರೂ ಇನ್ನಷ್ಟು ವೇಗ ಪಡೆಯುತ್ತೇನೆ. ಫ್ಲ್ಯಾಶ್ ಬಳಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬೆಳಕಿನ ದಿಕ್ಕಿನ ಬಗ್ಗೆ. ರೆಕ್ಕೆಯ ಆ ಹೊಳೆಯುವ ಹಸಿರು, ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಪ್ರತಿಫಲಿಸಿ ಕಾಣುವಂಥದ್ದು. ಬೆಳಕು ಹಕ್ಕಿಯ ಹಿಂದಿನಿಂದ ಬಂದರೆ ಅದೇ ರೆಕ್ಕೆ ಕಪ್ಪಾಗಿ ಕಾಣುತ್ತದೆ. ಹೀಗಾಗಿ ಆಕಾಶ ತೆರೆದಿರುವ ಕಡೆ ನನ್ನ ಬೆನ್ನಿಗಿರುವಂತೆ ಕೂರುತ್ತೇನೆ, ನೇರ ಬಿಸಿಲಿಗಿಂತ ತೆಳುಮೋಡದ ಬೆಳಗನ್ನು ಆರಿಸುತ್ತೇನೆ. ಅಂಥ ಬೆಳಕಿನಲ್ಲಿ ಹವಳಗೆಂಪು ಕೊಕ್ಕು, ನಸುಗೆಂಪು ಎದೆ, ಗಂಡಿನ ಬೂದು ನೆತ್ತಿ, ಬಿಳಿ ಹುಬ್ಬು ಹಾಗೂ ಹೆಗಲಿನ ಬಿಳಿ ಮಚ್ಚೆ ಎಲ್ಲವೂ ಬಿಡಿಬಿಡಿಯಾಗಿ ಮೂಡುತ್ತವೆ. ಹೆಣ್ಣು ಕಂದು ಛಾಯೆಯದು. ಅದರ ತಲೆಯಲ್ಲಿ ಈ ಬೂದು ಬಣ್ಣ ಕಡಿಮೆ.

ಹಕ್ಕಿಗಳಿಗೆಂದೇ ನೀರಿಟ್ಟಿರುವ ತಾಣಗಳಲ್ಲಿ ಈ ಕೆಲಸ ಸುಲಭವಾಗುತ್ತದೆಂಬುದು ನಿಜ, ಆದರೆ ಹಿನ್ನೆಲೆ ಎಲ್ಲರ ಚಿತ್ರದಲ್ಲೂ ಒಂದೇ ಆಗಿಬಿಡುತ್ತದೆ. ಇನ್ನು ಕಾಡಂಚಿನ ಮನೆಗಳಲ್ಲಿ ನೀರಿಡುವವರು ಕಿಟಕಿಯ ಗಾಜನ್ನು ಗಮನಿಸಬೇಕು. ತಗ್ಗಿನಲ್ಲಿ ವೇಗವಾಗಿ ಹಾರುವ ಈ ಪಾರಿವಾಳಗಳು ಗಾಜಿಗೆ ಬಡಿದು ಸಾಯುವುದುಂಟು. ಗಾಜಿನ ಹೊರಮೈಗೆ ಅಂಗೈ ಅಗಲಕ್ಕಿಂತ ಕಡಿಮೆ ಅಂತರದಲ್ಲಿ ಪಟ್ಟಿಗಳನ್ನು ಅಂಟಿಸಿದರೆ ಹಕ್ಕಿಗೆ ಅಡ್ಡಿ ಕಾಣಿಸುತ್ತದೆ.