ಟೊಮೇಟೊ ಚಟ್ನಿಗೆ ಪನೀರ್ ಸೇರಿಸಿ ನಾನು ಮಾಡೋ ರೀತಿ

ಚಪಾತಿ ಹಿಟ್ಟು ಕಲಸಿ ಮುಚ್ಚಿಟ್ಟು, ಅದು ನೆನೆಯೋಷ್ಟರಲ್ಲಿ ಆಗ್ಬಿಡೋ ಚಟ್ನಿ ಇದು, ಮಿಕ್ಸಿ ತೊಳೆಯೋ ಕೆಲಸಾನೂ ಇಲ್ಲ. ಬರೀ ಟೊಮೇಟೊ ಚಟ್ನಿ ಚಪಾತಿಗೆ ಚೆನ್ನಾಗಿರುತ್ತೆ ಆದ್ರೆ ಹೊಟ್ಟೆ ತುಂಬಿದ ಹಾಗಾಗಲ್ಲ, ಪನೀರ್ ಸೇರಿದ್ರೆ ಪಲ್ಯ ಬೇರೆ ಮಾಡ್ಬೇಕಿಲ್ಲ, ಇದೊಂದೇ ಸಾಕು.

ನಾಲ್ಕು ಜನಕ್ಕೆ ಅರ್ಧ ಕೆಜಿ ಟೊಮೇಟೊ, 150 ಗ್ರಾಂ ಪನೀರ್ ಲೆಕ್ಕ. ನಾಟಿ ಟೊಮೇಟೊ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ರಸ ಜಾಸ್ತಿ, ಹುಳಿನೂ ಚೆನ್ನಾಗಿರುತ್ತೆ, ಬೇಗ ಕರಗುತ್ತೆ. ಉದ್ದಕ್ಕಿರೋ ಗಟ್ಟಿ ಹೈಬ್ರಿಡ್ ಆದ್ರೆ ಹುಳಿ ಕಮ್ಮಿ, ಅದಕ್ಕೆ ಒಂದು ಚಮಚ ಹುಣಸೆರಸ ಹಾಕ್ತೀನಿ.

ಮೊದಲು ಪನೀರ್ ನೋಡ್ಕೊಳ್ಳಿ. ಫ್ರಿಜ್ಜಿಂದ ತೆಗೆದ ಪನೀರ್ ಕಲ್ಲಿನ ಹಾಗಿರುತ್ತೆ, ಅದನ್ನ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಳುಗಿಸಿಡಿ, ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತೆ, ಸ್ವಲ್ಪ ಉಪ್ಪೂ ಹಿಡಿಯುತ್ತೆ. ಮನೇಲೇ ಹಾಲು ಒಡೆಸಿ ಮಾಡಿದ್ದಾದ್ರೆ ಇದೇನೂ ಬೇಡ. ಒಂದು ಲೀಟರ್ ಗಟ್ಟಿ ಹಾಲಿಗೆ ಎರಡು ಚಮಚ ನಿಂಬೆರಸ ಸಾಕು, ಉಳಿದ ನೀರನ್ನ ಚೆಲ್ಲಬೇಡಿ ಆಯ್ತಾ, ಅದರಲ್ಲೇ ಚಪಾತಿ ಹಿಟ್ಟು ಕಲಸಿದ್ರೆ ಮೃದುವಾಗಿ ಬರುತ್ತೆ.

ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆ, ಸಾಸಿವೆ ಸಿಡಿದ ಮೇಲೆ ಉದ್ದಿನಬೇಳೆ, ಅದು ಕೆಂಪಗಾಗ್ತಿದ್ದ ಹಾಗೆ ಜಜ್ಜಿದ ಬೆಳ್ಳುಳ್ಳಿ ಆರೇಳು ಎಸಳು, ಕರಿಬೇವು, ಚಿಟಿಕೆ ಇಂಗು. ಮೆಣಸಿನಕಾಯಿ ನಾನು ಬ್ಯಾಡಗಿ ನಾಲ್ಕು, ಗುಂಟೂರು ಒಂದು ಮುರಿದು ಹಾಕ್ತೀನಿ, ಬ್ಯಾಡಗಿ ಬಣ್ಣ ಕೊಡುತ್ತೆ ಖಾರ ಅಷ್ಟಿಲ್ಲ, ಖಾರಕ್ಕೆ ಆ ಒಂದು ಗುಂಟೂರು. ಈರುಳ್ಳಿ ಬೇಡ, ಅದು ಬಾಡೋಕೆ ಟೈಮ್ ತಗೊಳ್ಳುತ್ತೆ ಮತ್ತೆ ಸಿಹಿ ಮಾಡ್ಬಿಡುತ್ತೆ.

ಆಮೇಲೆ ಸಣ್ಣಗೆ ಹೆಚ್ಚಿದ ಟೊಮೇಟೊ ಹಾಕಿದ ತಕ್ಷಣ ಉಪ್ಪು, ಅರಿಶಿನ. ಉಪ್ಪು ಆಗ್ಲೇ ಹಾಕೋದ್ರಲ್ಲೇ ಈ ಚಟ್ನಿ ಬೇಗ ಆಗೋ ಗುಟ್ಟು ಇರೋದು, ಅದು ಟೊಮೇಟೊದ ನೀರನ್ನ ಹೊರಗೆಳೆದು ಬಿಡುತ್ತೆ, ನಾವು ಒಂದು ಹನಿ ನೀರೂ ಹಾಕೋದು ಬೇಡ. ಐದು ನಿಮಿಷ ಮುಚ್ಚಿ ಬೇಯಿಸಿ, ಸೌಟಿನ ಹಿಂಭಾಗದಲ್ಲಿ ಚೆನ್ನಾಗಿ ಮಸೆದು, ಮುಚ್ಚಳ ತೆಗೆದು ಉರಿ ಜೋರು ಮಾಡಿ ಕೈಯಾಡಿಸ್ತಾ ಇರಿ. ಅಂಚಲ್ಲಿ ಎಣ್ಣೆ ಬಿಡೋವರೆಗೂ ಬಿಡಬೇಡಿ. ಟೊಮೇಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರೋದು, ಅದು ಇಂಗದೆ ಪನೀರ್ ಹಾಕಿದ್ರೆ ಚಟ್ನಿ ತಟ್ಟೇಲಿ ಒಂದು ಕಡೆ, ನೀರು ಒಂದು ಕಡೆ. ಎಣ್ಣೆ ಬಿಟ್ಟ ಮೇಲೆ ಕಡಲೆಕಾಳಷ್ಟು ಬೆಲ್ಲ, ಅಷ್ಟೇ.

ಈಗ ಸ್ಟವ್ ಆಫ್ ಮಾಡಿ. ಆಫ್ ಮಾಡಿದ ಮೇಲೇ ಪನೀರ್, ಅರ್ಧ ಕೈಯಲ್ಲಿ ಪುಡಿ ಮಾಡಿ, ಇನ್ನರ್ಧ ಬೆರಳುಗುರಷ್ಟು ಸಣ್ಣ ತುಂಡು ಮಾಡಿ. ಪುಡಿ ಮಾಡಿದ್ದು ಚಟ್ನಿ ಜೊತೆ ಬೆರೆತು ಹುಳಿನ ತಗ್ಗಿಸುತ್ತೆ, ತುಂಡುಗಳು ಬಾಯಿಗೆ ಸಿಗುತ್ವೆ. ಹುಳಿಗೆ ಪನೀರ್ ಒಡೆಯಲ್ವಾ ಅಂತ ತುಂಬ ಜನಕ್ಕೆ ಅನುಮಾನ, ಹಾಲು ಕೆನೆ ಆಗಿದ್ರೆ ಒಡೀತಿತ್ತು, ಪನೀರ್ ಆಗ್ಲೇ ಹುಳಿ ಹಾಕಿ ಒಡೆಸಿದ್ದೇ ಅಲ್ವಾ, ಏನೂ ಆಗಲ್ಲ. ಅದಕ್ಕೆ ಆಗದೇ ಇರೋದು ಉರಿ, ಒಲೆ ಮೇಲೆ ಜಾಸ್ತಿ ಹೊತ್ತು ಬಿಟ್ರೆ ಒಳಗಿನ ನೀರು ಕಳ್ಕೊಂಡು ರಬ್ಬರ್ ಆಗುತ್ತೆ. ಅದಕ್ಕೇ ನಾನು ಹುರಿಯೋದೂ ಇಲ್ಲ. ಕೊತ್ತಂಬರಿ ಸೊಪ್ಪು ಉದುರಿಸಿ, ಎರಡು ನಿಮಿಷ ಮುಚ್ಚಿಟ್ರೆ ಬಾಣಲೆ ಬಿಸಿಗೇ ಎಲ್ಲಾ ಹೊಂದ್ಕೊಳ್ಳುತ್ತೆ.

ದೋಸೆಗೆ ಬೇಕಂದ್ರೆ ಪೂರ್ತಿ ಪುಡಿ ಮಾಡಿದ ಪನೀರ್ ಹಾಕಿ, ಸವರೋಕೆ ಸುಲಭ. ಪನೀರ್ ಸೇರಿದ್ದನ್ನ ಅವತ್ತೇ ಖಾಲಿ ಮಾಡ್ಬೇಕು. ಹಂಗಾಗಿ ನಾನು ಟೊಮೇಟೊ ಭಾಗವನ್ನ ಮಾತ್ರ ಜಾಸ್ತಿ ಮಾಡಿ ಆರಿಸಿ ಗಾಜಿನ ಬಾಟ್ಲಲ್ಲಿ ಫ್ರಿಜ್ಜಲ್ಲಿಡ್ತೀನಿ, ಮೂರು ದಿನ ಆರಾಮಾಗಿ ಇರುತ್ತೆ, ಬೇಕಾದಾಗ ಬೇಕಾದಷ್ಟು ಬಿಸಿ ಮಾಡಿ ಆಗಷ್ಟೇ ಪನೀರ್ ಕಲಸ್ಕೊಳ್ಳೋದು.