ಹಿಕ್ಕೆ ಎಣಿಸಿದ ರಾತ್ರಿ

ಸಹೋದ್ಯೋಗಿಯೊಬ್ಬರಿಗೆ ದೂರದ ಊರಿಗೆ ವರ್ಗವಾಗಿ, ಅವರ ಎರಡು ವರ್ಷದ ಬಿಳಿ ಮೊಲ ಗಂಗಾವತಿಯ ನಮ್ಮ ಮನೆಗೆ ಬಂದಿತು. ಏಪ್ರಿಲ್ ತಿಂಗಳು, ಸಂಜೆ ಆರು ಗಂಟೆ. ಬಂದದ್ದೇ ತಡ, ಪಂಜರದ ಮೂಲೆಗೆ ಬೆನ್ನು ಹಚ್ಚಿ ಕುಳಿತುಬಿಟ್ಟಿತು. ಮಗಳು ಕ್ಯಾರೆಟ್ ಹೆಚ್ಚಿಟ್ಟಳು. ಅವ್ವ ಜೋಳದ ರೊಟ್ಟಿಯ ಚೂರು ಹಿಡಿದು ‘ತಿನ್ನು ಬಾರವ್ವ’ ಎಂದು ಕರೆದಳು. ನಾನು ಹೊಸ ಬಾಟಲಿಯ ನಳಿಗೆಯನ್ನು ಅದರ ಮೂಗಿಗೆ ತಾಗಿಸಿದೆ. ಮೂವರೂ ಸುತ್ತ ಕುಳಿತಿದ್ದೆವು. ಅದರ ಕಣ್ಣಿಗೆ ಮೂರು ನಾಯಿಗಳಂತೆ ಕಂಡಿರಬೇಕು.

ಹತ್ತು ಗಂಟೆಯಾದರೂ ತಟ್ಟೆಯಲ್ಲಿ ಹಿಕ್ಕೆಯಿಲ್ಲ. ಗಾಬರಿಯಾಗಿ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ‘ಮೊಲದ ಹೊಟ್ಟೆಗೆ ಸದಾ ನಾರು ಬೀಳುತ್ತಿರಬೇಕು, ಇಲ್ಲದಿದ್ದರೆ ಕರುಳಿನ ಚಲನೆಯೇ ನಿಲ್ಲುತ್ತದೆ. ಹನ್ನೆರಡು ತಾಸು ಏನೂ ತಿನ್ನದಿದ್ದರೆ ಕಾಯಬೇಡಿ, ಕರೆತನ್ನಿ. ಬಾಯಿಗೆ ನೀರು ಮಾತ್ರ ಸುರಿಯಬೇಡಿ’ ಎಂದರು. ಆಮೇಲೆ ಹಳೆಯ ಒಡೆಯರಿಗೆ ಕರೆ ಮಾಡಿದೆ. ಮೊದಲೇ ಮಾಡಬೇಕಿತ್ತು. ‘ಅದಕ್ಕೆ ಬಾಟಲಿ ಗೊತ್ತೇ ಇಲ್ಲ ಸರ್, ಮಣ್ಣಿನ ಬೋಗುಣಿಯಲ್ಲಿ ಕುಡಿಯುತ್ತಿತ್ತು’ ಎಂದರು.

ಅವ್ವನ ಮೊಸರಿನ ಬೋಗುಣಿಯನ್ನು ತೊಳೆದು ನೀರು ತುಂಬಿದೆ. ಅಗಲ ತಳದ್ದು, ಮೊಲ ಕಾಲಿಟ್ಟರೂ ಉರುಳುವುದಿಲ್ಲ. ಪಂಜರದ ಮೂರು ಬದಿಗೆ ಹಳೆಯ ಪಂಚೆ ಹೊದಿಸಿ, ಕೊತ್ತಂಬರಿಯನ್ನು ತೊಳೆದು ನೀರು ಕೊಡವದೆ ಹಾಗೆಯೇ ಇಟ್ಟು, ದೀಪ ಆರಿಸಿ ಎಲ್ಲರನ್ನೂ ಹೊರಗೆ ಕಳಿಸಿದೆ. ಒಂದು ಗಂಟೆಯ ಸುಮಾರಿಗೆ ಬಾಗಿಲಾಚೆ ಕರಕರ ಸದ್ದು. ಬೆಳಿಗ್ಗೆ ಟಾರ್ಚ್ ಹಿಡಿದು ಎಣಿಸಿದರೆ ಹದಿನಾಲ್ಕು ಹಿಕ್ಕೆ. ಕಡಲೆಕಾಳಿಗಿಂತ ಚಿಕ್ಕವು, ಒಣಕಲು. ಅಷ್ಟಕ್ಕೇ ನನಗೆ ಹಬ್ಬ.

ಇಲ್ಲಿ ಹುಲ್ಲಿಗೇನು ಬರ ಎಂದುಕೊಂಡಿದ್ದೆ, ಭತ್ತದ ನಾಡಲ್ಲವೇ? ಮೊಲ ಭತ್ತದ ಹುಲ್ಲನ್ನು ಹಾಸಿಗೆ ಮಾಡಿಕೊಂಡಿತೇ ಹೊರತು ಬಾಯಿಗಿಡಲಿಲ್ಲ. ಗಣೇಶನ ಪೂಜೆಯ ಗರಿಕೆ ಕೊಟ್ಟ ಮೇಲೆ ಬಿಡಲಿಲ್ಲ. ಗದ್ದೆಯ ಬದುವಿನ ಗರಿಕೆ ತರುವುದಿಲ್ಲ, ಅಲ್ಲಿ ಔಷಧಿ ಹೊಡೆದಿರುತ್ತಾರೆ. ಗೆಳೆಯನ ಹಿತ್ತಲಿನದನ್ನು ಕೊಯ್ದು ನೆರಳಲ್ಲಿ ಒಣಗಿಸಿಡುತ್ತೇನೆ. ಎಳೆಯ ಜೋಳದ ದಂಟನ್ನೂ ದೂರವಿಟ್ಟಿದ್ದೇನೆ, ಅದರಲ್ಲಿ ವಿಷವಿರುತ್ತದೆಂದು ದನ ಕಾಯುವವರೆಲ್ಲ ಬಲ್ಲರು. ಗುಳಿಗೆಯ ರೂಪದ ಸಿದ್ಧ ಆಹಾರ ಮಾತ್ರ ಮೊದಮೊದಲು ಹಳೆಯ ಮನೆಯದೇ. ಹೊಸದನ್ನು ಹತ್ತು ದಿನಗಳಲ್ಲಿ ಚೂರುಚೂರೇ ಬೆರೆಸಿದೆ.

ನೀರಿನ ಲೆಕ್ಕವೇ ಕಷ್ಟ. ಎರಡು ಕೆಜಿ ಮೊಲಕ್ಕೆ ದಿನಕ್ಕೆ 100ರಿಂದ 300 ಮಿಲಿ ಬೇಕು. ಆದರೆ ಈ ಬಿಸಿಲಿನಲ್ಲಿ ಕುಡಿದದ್ದೆಷ್ಟು, ಆರಿದ್ದೆಷ್ಟು? ಅಂಥದೇ ಇನ್ನೊಂದು ಬೋಗುಣಿಯನ್ನು ಪಂಜರದ ಹೊರಗಿಟ್ಟು ಸಂಜೆ ಎರಡನ್ನೂ ಅಳೆದೆ. ಹೊರಗಿನದರಲ್ಲಿ ಕಡಿಮೆಯಾದಷ್ಟನ್ನು ಕಳೆದರೆ ಉಳಿದದ್ದು ಮೊಲದ ಹೊಟ್ಟೆಗೆ.

ನಾಲ್ಕನೆಯ ದಿನ ಮಗಳು ಕಿರುಚಿದಳು, ‘ಅಪ್ಪಾ, ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿದೆ!’ ಅದು ದ್ರಾಕ್ಷಿ ಗೊಂಚಲಿನಂಥ ಮೆತ್ತಗಿನದು, ಬೇರೆಯದೇ. ಮತ್ತೆ ತಿಂದು ಅದರಿಂದ ವಿಟಮಿನ್ ಪಡೆಯುತ್ತದೆ. ತಿನ್ನಲು ಬಿಡಬೇಕು.

ಈಗ ಅವ್ವ ಸೊಪ್ಪು ಸೋಸುವಾಗ ಕೊತ್ತಂಬರಿ ದಂಟನ್ನು ಅದರ ಪಾಲಿಗೆ ಬೇರೆ ಇಡುತ್ತಾಳೆ. ನಾನಿಲ್ಲದಾಗ ರೊಟ್ಟಿಯ ಚೂರನ್ನೂ ತೋರಿಸುತ್ತಾಳೆಂದು ಮಗಳ ದೂರು.