ರೀಲ್ ಇಲ್ಲದ ಕೋಲಲ್ಲಿ ಬೆನೆಟ್ ಸ್ಪ್ರಿಂಗ್ ಟ್ರೌಟ್: ನನ್ನ ಅನುಭವ

ಬೆನೆಟ್ ಸ್ಪ್ರಿಂಗ್‌ನಲ್ಲಿ ತೆಂಕಾರಾ, ಅಂದರೆ ರೀಲ್ ಇಲ್ಲದೆ ಉದ್ದ ಕೋಲಿನ ತುದಿಗೇ ಲೈನು ಕಟ್ಟಿ ಮೀನು ಹಿಡಿಯುವ ಜಪಾನಿ ವಿಧಾನ, ನಡೆಯಲ್ಲ ಅಂದವರು ಒಬ್ಬಿಬ್ಬರಲ್ಲ. ಸೇಂಟ್ ಲೂಯಿಸ್‌ನ ನಮ್ಮ ಮೀನು ಗ್ಯಾಂಗಿನಲ್ಲಿ ಎಲ್ಲರ ಹತ್ತಿರವೂ ಲೈನು ಸುತ್ತುವ ದುಬಾರಿ ರೀಲುಗಳಿವೆ. "ಹನ್ನೆರಡು ಅಡಿ ಕೋಲು, ರೀಲ್ ಬೇರೆ ಇಲ್ಲ, ಸುತ್ತ ಅಷ್ಟೊಂದು ಜನ. ಯಾರ ಕಿವಿಗೆ ಗಾಳ ಹಾಕ್ತೀಯಾ ಮಾರಾಯ?" ಅಂತ ನಕ್ಕರು. ದಂಡೆಯಲ್ಲಿ ಸಿಕ್ಕ ಅಮೆರಿಕನ್ ಅಜ್ಜನೊಬ್ಬ, ದೊಡ್ಡದು ಕಚ್ಚಿದರೆ ಕೋಲನ್ನೇ ನೀರಿಗೆ ಎಸೆದು ಮನೆಗೆ ಹೋಗು ಅಂದ. ಈಗ ಅದೇ ಗ್ಯಾಂಗಿನವರು ಕೋಲು ಎಲ್ಲಿ ತಗೊಂಡೆ ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಜಾಗ ಬೆನೆಟ್ ಸ್ಪ್ರಿಂಗ್ ಸ್ಟೇಟ್ ಪಾರ್ಕ್. ಮಿಸೌರಿಯ ಲೆಬನಾನ್ ಊರಿನಿಂದ ಪಶ್ಚಿಮಕ್ಕೆ ಹನ್ನೆರಡು ಮೈಲಿ. ದಿನಕ್ಕೆ ಸುಮಾರು 10 ಕೋಟಿ ಗ್ಯಾಲನ್ ನೀರು ಉಕ್ಕುವ ಬುಗ್ಗೆ. ವರ್ಷವಿಡೀ ನೀರಿಗೆ ಹೆಚ್ಚುಕಡಿಮೆ 57 ಡಿಗ್ರಿ ಫ್ಯಾರನ್‌ಹೀಟ್‌ನ ತಂಪು, ಹಾಗಾಗಿ ಬೇಸಿಗೆಯಲ್ಲೂ ರೇನ್‌ಬೋ ಟ್ರೌಟ್ ಬದುಕುತ್ತದೆ. ಮೀನು ಬರುವುದು ಪಾರ್ಕಿನೊಳಗಿನ ಮೀನು ಸಾಕುವ ಹ್ಯಾಚರಿಯಿಂದ. ಸಾಕಿದ ಮೀನು ಅಲ್ವಾ, ಹಿಡಿಯೋದು ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎರಡು ದಿನ ನೀರಲ್ಲಿದ್ದ ಮೀನಿಗೆ ಅಂಗಡಿಯಲ್ಲಿರುವ, ಭಾರದ ತಲೆಯ ನಕಲಿ ಎರೆಯಾದ ಅಷ್ಟೂ ಜಿಗ್‌ಗಳ ಪರಿಚಯ ಆಗಿರುತ್ತದೆ. ಮೂಗಿನ ಮುಂದೆಯೇ ಹಾದು ಹೋದರೂ ಅಲುಗಾಡಲ್ಲ.

ಮೊದಲು ದುಡ್ಡಿನ ಲೆಕ್ಕ. ಹಳೆಯ ಫ್ಲೈ (ಹುಳದಂತೆ ಕಾಣುವ ಕೃತಕ ಗಾಳ) ರಾಡು, ರೀಲು, ಲೈನು ಎಲ್ಲ ಸೇರಿ ನಾನೂರು ಡಾಲರ್ ಮೇಲೆಯೇ ಆಗಿತ್ತು. ತೆಂಕಾರಾ ಕೋಲು, ಲೈನು, ಒಂದು ಡಬ್ಬಿ ಫ್ಲೈ ಸೇರಿ ನೂರರ ಹತ್ತಿರ. ಕ್ಯಾಂಪ್ ಸೈಟಿಗೆ ಕರೆಂಟ್ ಬೇಕೆಂದರೆ ರಾತ್ರಿಗೆ ಮೂವತ್ತರ ಆಸುಪಾಸು. ಮೀನು ಇಟ್ಟುಕೊಳ್ಳುವ ಸೀಸನ್ ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ, ಆಗ ದಿನಾ ಟ್ಯಾಗ್, ಅಂದರೆ ಆ ದಿನ ಮೀನು ಹಿಡಿಯುವ ಚೀಟಿ, ಬೇರೆ ಕೊಳ್ಳಬೇಕು. ನೀರಿಗಿಳಿಯಲು ಹಾಕುವ ವೇಡರ್, ಬೂಟು ಮಾತ್ರ ನೋಡಿ ತಗೊಳ್ಳಿ. ಗೆಳೆಯನೊಬ್ಬ ಕಡಿಮೆಗೆ ಸಿಕ್ಕಿತು ಅಂತ ಫೆಲ್ಟ್ (ನೀರು ಹೀರುವ ದಪ್ಪ ಬಟ್ಟೆ) ಅಡಿಯ ಬೂಟು ತಂದಿದ್ದ. ಪಾಚಿ ಒಂದು ಹೊಳೆಯಿಂದ ಇನ್ನೊಂದಕ್ಕೆ ಹರಡಬಾರದು ಅಂತ 2012ರಿಂದಲೇ ಅದಕ್ಕೆ ಇಲ್ಲಿ ನಿಷೇಧ ಇದೆ. ಪಾಪ, ಇಡೀ ದಿನ ದಂಡೆಯಲ್ಲೇ ನಿಂತ.

ಹೊಸನಗರದ ಕಡೆ ಹಿನ್ನೀರಿನಲ್ಲಿ ನಾವು ಹುಡುಗರಾಗಿದ್ದಾಗ ಬಿದಿರ ಕೋಲಿನ ತುದಿಗೆ ದಾರ ಕಟ್ಟಿ ಗಾಳ ಹಾಕುತ್ತಿದ್ದೆವು. ಜಪಾನಿನ ಬೆಟ್ಟದ ಹೊಳೆಗಳವರ ತೆಂಕಾರಾ ಕೂಡ ಅದೇ ಪೈಕಿ. ಹಾಗಾಗಿ ಕೈಗೆ ಬೇಗ ಕೂರುತ್ತದೆ ಅಂತ ಧೈರ್ಯ ಇತ್ತು. ಕೂರಲಿಲ್ಲ. ಹಿನ್ನೀರಲ್ಲಿ ನಿಂತ ನೀರು, ಎರೆಹುಳ, ಬೆಂಡು. ಇಲ್ಲಿ ಓಡುವ ನೀರು, ಮೇಲೆ ಸಿಕಮೋರ್ ಕೊಂಬೆ. ಮೊದಲ ದಿನಗಳಲ್ಲಿ ಮೀನಿಗಿಂತ ಜಾಸ್ತಿ ಮರವನ್ನೇ ಹಿಡಿದೆ. ಲೈನು ಉದ್ದ ಮಾಡಿದರೆ ದೂರ ಹೋಗುತ್ತದೆ ನಿಜ. ಆದರೆ ಕಚ್ಚಿದ ಮೀನು ಕೈಗೆ ಬರಲ್ಲ. ಕೋಲು ಮೇಲಕ್ಕೆತ್ತಿ, ಇನ್ನೊಂದು ಕೈಯಲ್ಲಿ ಲೈನು ಹುಡುಕುವಷ್ಟರಲ್ಲಿ ಅದು ಬಿಡಿಸಿಕೊಂಡಿರುತ್ತದೆ.

ಲೈನಿನ ತುದಿಗೆ ಕಟ್ಟುವ ತೆಳು ದಾರ ಟಿಪೆಟ್, ಎಕ್ಸ್ ಸಂಖ್ಯೆ ಹೆಚ್ಚಾದಷ್ಟೂ ಅದು ತೆಳು. 5ಎಕ್ಸ್ ಟಿಪೆಟ್ ಹಾಕಿದಾಗ ಇನ್ನೂ ದುಬಾರಿ ಪಾಠ. ಮೂರು ಪೌಂಡ್ ದಾಟಿದ್ದಿರಬೇಕು, ಒಂದೇ ಎಳೆತಕ್ಕೆ ಕೋಲಿನ ತುದಿಯ ತುಂಡು ಚಟ್ ಅಂತ ಹೋಯಿತು. ಹೊಸ ತುಂಡಿಗೆ ಹದಿನೈದು ಡಾಲರೋ ಏನೋ, ಅಂಚೆ ಖರ್ಚು ಬೇರೆ. ಅಜ್ಜನ ಮಾತು ಆಗ ನೆನಪಾಗಿ ಮೈ ಉರಿಯಿತು.

ಕೊನೆಗೆ ಕೆಲಸ ಮಾಡಿದ್ದು ಇಷ್ಟು. ಲೈನು ಕೋಲಿಗಿಂತ ಒಂದು ಅಡಿ ಗಿಡ್ಡ. ಟಿಪೆಟ್ 6ಎಕ್ಸ್, ಹರಿದರೆ ಅದು ಹರಿಯಲಿ, ಕೋಲು ಉಳಿಯಲಿ. ಹಿಂದಕ್ಕೆ ಬೀಸುವುದೇ ಇಲ್ಲ. ಫ್ಲೈಯನ್ನು ಬೆರಳಲ್ಲಿ ಹಿಡಿದು ಕೋಲು ಬಗ್ಗಿಸಿ ಬಿಡುವುದು, ಪಕ್ಕದವರ ಕಿವಿ ಕ್ಷೇಮ. ಮೀನು ಹಿಡಿಯಲು ಶುರು ಮಾಡಿ ಅನ್ನುವ ಬೆಳಗಿನ ಸೈರನ್ ಆದ ತಕ್ಷಣ ಎಲ್ಲರೂ ಒಟ್ಟಿಗೆ ಎಸೆಯುತ್ತಾರಲ್ಲ, ಆ ಗದ್ದಲಕ್ಕೆ ನಾನು ಹೋಗುವುದಿಲ್ಲ. ಆರಾಮಾಗಿ ಕಾಫಿ ಕುಡಿಯುತ್ತೇನೆ. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಅರ್ಧ ಜನ ಬೇಸತ್ತು ತಿಂಡಿಗೆ ಹೋಗುತ್ತಾರೆ. ಆಗ ಹೊಳೆಯ ಮೂರು ವಲಯಗಳಲ್ಲಿ ಫ್ಲೈ ಮಾತ್ರ ಬಿಡುವ ಮೊದಲನೆಯದಕ್ಕೆ ಇಳಿಯುವುದು.

ಅಲ್ಲಿ ನೀರಡಿಯ ಹಸಿರು ಕಳೆ ಉದ್ದುದ್ದ ಪಟ್ಟಿಯಾಗಿ ತೂಗುತ್ತಿರುತ್ತದೆ. ಎರಡು ಪಟ್ಟಿಗಳ ನಡುವೆ ಬಿಳಿ ಜಲ್ಲಿಯ ಓಣಿ. ಮೀನು ನಿಲ್ಲುವುದು ಅಲ್ಲೇ, ಬಾಲ ಮಾತ್ರ ಆಡಿಸುತ್ತ. ರೀಲಿನವರ ಲೈನು ಹತ್ತಿರದ ಜೋರು ನೀರಿಗೆ ಬಿದ್ದು ಫ್ಲೈಯನ್ನು ಎಳೆದುಕೊಂಡು ಹೋಗುತ್ತದೆ. ನನ್ನ ಉದ್ದ ಕೋಲು ಲೈನನ್ನು ಗಾಳಿಯಲ್ಲೇ ಹಿಡಿದಿರುತ್ತದೆ, ನೀರಿಗೆ ತಾಗುವುದು ಟಿಪೆಟ್ ಮಾತ್ರ. ಫ್ಲೈ ಓಣಿಯೊಳಗೆ ಸುಮ್ನೆ ತೇಲುತ್ತದೆ. ಮೀನು ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ, ಬಾಯಿಯ ಬಿಳಿ ಒಮ್ಮೆ ಕಾಣುತ್ತದೆ, ಲೈನಿನ ತುದಿ ನಿಲ್ಲುತ್ತದೆ. ಎಳೆಯಬೇಡಿ, ಮಣಿಕಟ್ಟು ಎತ್ತಿ ಸಾಕು. ಆಮೇಲೆ ಅದು ಕೆಳಕ್ಕೆ ಓಡಿದರೆ ನೀವೂ ಓಡಬೇಕು, ರೀಲ್ ಇಲ್ಲವಲ್ಲ. ಪಕ್ಕದವರಿಗೆ "ಸಾರಿ, ಸಾರಿ" ಅನ್ನುತ್ತ ಓಡುವುದೂ ಈ ವಿದ್ಯೆಯ ಭಾಗವೇ. ಉದ್ದ ಹಿಡಿಯ ಬಲೆ ಸೊಂಟದಲ್ಲಿರಲಿ.

ಈ ವಸಂತದಲ್ಲಿ ದಿನದ ಮಿತಿಯಾದ ನಾಲ್ಕು ಮೀನು ಊಟದ ಹೊತ್ತಿಗೆ ಮುಗಿಸಿದ ದಿನಗಳೇ ಜಾಸ್ತಿ. ರೀಲಿನವರು ಇನ್ನೂ ಗಂಟು ಬಿಡಿಸುತ್ತಿದ್ದರು. ಫ್ಲೈಯ ಬಣ್ಣ ಯಾವುದು, ಯಾವ ಓಣಿ ಅಂತ ಕೇಳಬೇಡಿ. ಸ್ವಂತ ಹೆಂಡತಿಗೂ ಹೇಳಿಲ್ಲ, ಅವಳೂ ಹಿಡಿಯುತ್ತಾಳೆ.

ನಡುವೆ ರಾಗಿ ಹಿಟ್ಟಿನ ಉಂಡೆಯನ್ನೂ ಪರೀಕ್ಷೆ ಮಾಡಿದೆ. ವಿಸಿಲ್ ಬ್ರಿಡ್ಜ್‌ನಿಂದ ಕೆಳಗೆ ನಯಾಂಗ್ವಾ ನದಿಯವರೆಗಿನ ಮೂರನೇ ವಲಯದಲ್ಲಿ ಇಂಥ ಎರೆ ಹಾಕಬಹುದು. ಊರಲ್ಲಿ ಕಾಟ್ಲಾ ಮುಗಿಬೀಳುವ ಉಂಡೆ, ಬೆಲ್ಲ ಸೇರಿಸಿ ನಾದಿದ್ದು. ಟ್ರೌಟ್ ಮೂಸಿಯೂ ನೋಡಲಿಲ್ಲ. ಉಳಿದ ಹಿಟ್ಟನ್ನು ರಾತ್ರಿ ರಕೂನ್ ತಿಂದಿತು, ಜೊತೆಗೆ ಕೂಲರ್ ಬಿಚ್ಚಿ ಚಪಾತಿಯನ್ನೂ ಮುಗಿಸಿತು. ಆಹಾರ ಕಾರಿನೊಳಗೇ ಇಡಿ.

ಮೀನು ಮುಗಿದ ಮೇಲೆ ನಡೆಯುವುದಕ್ಕೆ ನ್ಯಾಚುರಲ್ ಟನಲ್ ಟ್ರೇಲ್ ಇದೆ, ಏಳೂವರೆ ಮೈಲಿ. ಕೊನೆಗೆ 296 ಅಡಿ ಉದ್ದದ ಕಲ್ಲಿನ ಸುರಂಗ, ಒಳಗೆ ಬಳುಕಿಕೊಂಡು ಹೋಗುತ್ತದೆ. ಟಾರ್ಚ್ ಬೇಕು. ಜೂನ್ ನಂತರ ಹೋದರೆ ರಕ್ತ ಹೀರುವ ಉಣ್ಣಿ, ತುರಿಕೆ ಎಬ್ಬಿಸುವ ಸಣ್ಣ ಹುಳ ಚಿಗ್ಗರ್ ಎರಡೂ ಕಾಲಿಗೆ ಹತ್ತುತ್ತವೆ. ನಾನು ಏಪ್ರಿಲ್ ಬಿಟ್ಟು ಬೇರೆ ತಿಂಗಳಲ್ಲಿ ಆ ಕಡೆ ತಿರುಗುವುದಿಲ್ಲ.

ಅಡುಗೆ ಬಗ್ಗೆ ಒಂದೇ ಮಾತು. ಟ್ರೌಟ್ ಮೆತ್ತಗಿನ ಮೀನು, ಬಂಗುಡೆಗೆ ಹಾಕುವಷ್ಟು ಮಸಾಲೆ ಹಾಕಿದರೆ ಮಸಾಲೆಯನ್ನೇ ತಿನ್ನಬೇಕಾಗುತ್ತದೆ. ಉಪ್ಪು, ಅರಿಶಿನ, ಕಾಳುಮೆಣಸು, ನಿಂಬೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಚರ್ಮದ ಕಡೆಯಿಂದ ಹಾಕಿ.

ಮುಂದಿನ ಗುರಿ ಚಳಿಗಾಲ. ನವೆಂಬರ್ ಎರಡನೇ ಶುಕ್ರವಾರ ಶುರುವಾಗುವುದು ಮೀನನ್ನು ಹಿಡಿದು ವಾಪಸ್ ನೀರಿಗೆ ಬಿಡುವ ಸೀಸನ್, ಶುಕ್ರವಾರದಿಂದ ಸೋಮವಾರ ಮಾತ್ರ, ಫ್ಲೈ ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ದಿನದ ಟ್ಯಾಗ್ ಬೇಡ, ಲೈಸೆನ್ಸ್ ಮತ್ತು ಟ್ರೌಟ್ ಪರ್ಮಿಟ್ ಇದ್ದರೆ ಆಯಿತು. ಜನವೂ ಕಡಿಮೆ. ನಗುತ್ತಿದ್ದ ಗೆಳೆಯರಲ್ಲಿ ಇಬ್ಬರು ಬರುತ್ತೇವೆ ಅಂದಿದ್ದಾರೆ, ಕೋಲು ಅವರದ್ದೇ ತರಬೇಕು.